ಮೇಲಿನ ಕೋಣೆಗೆ ನಮ್ಮವಳು

ಲಂಡನ್ನಿಗೆ ಎಂ.ಎಸ್ಸಿ. ಓದಲು ಬರುವ ನಮ್ಮ ಕಡೆಯ ಹುಡುಗಿಯರಿಗೆ ಜಲಜಾಕ್ಷಮ್ಮ ತಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಬಂದವರ ಜಾತಿಯನ್ನು ಬಾಯಿಬಿಟ್ಟು ಕೇಳುವುದು ತಮ್ಮ ಗೌರವಕ್ಕೆ ಕಡಿಮೆ ಎಂದುಕೊಂಡಿದ್ದರು. ಮುಖ ನೋಡಿಯೇ ಅಳೆದುಬಿಡುತ್ತಿದ್ದರು.

ಆ ದಿನ ಬಂದ ಹುಡುಗಿ ಬೆಳ್ಳಗಿದ್ದಳು. ಮೂರು ವಾರದಿಂದ ಯಾರದೋ ಮನೆಯ ಸೋಫಾದ ಮೇಲೆ ಮಲಗುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಜಲಜಾಕ್ಷಮ್ಮನಿಗೆ ಆ ಮುಖವೇ ಸಾಕಾಯಿತು. ಕರಾರುಪತ್ರಕ್ಕೆ ಸಹಿ ಹಾಕಿಸಿ ಬೀಗದಕೈಯನ್ನು ಅವಳ ಕೈಗಿಟ್ಟರು.

“ಇಬ್ಬರಿಗಾಗೋ ರೂಮು ಕಣಮ್ಮ, ಜೊತೆಗೆ ಇನ್ನೊಬ್ಬಳನ್ನ ನೀನೇ ಕರ್ಕೊಂಡು ಬಾ. ನಮ್ಮೋರೇ ಆಗಿರ್ಲಿ. ನಿನ್ನೆ ಒಬ್ಳು ಬಂದಿದ್ಲು, ಕರ್ರಗೆ. ಆ ಬಣ್ಣ, ಆ ಮೂಗು! ಠಸ್ ಪುಸ್ ಅಂತ ಇಂಗ್ಲಿಷ್ ಮಾತಾಡಿಬಿಟ್ರೆ ಎಂಥ ಜನ ಅಂತ ನಂಗೆ ಗೊತ್ತಾಗಲ್ವಾ? ರೂಮು ಖಾಲಿ ಇಲ್ಲ ಅಂತ ಬಾಗಿಲಲ್ಲೇ ಸಾಗಹಾಕಿದೆ.”

“ಮುಖ ನೋಡಿದ್ರೆ ಗೊತ್ತಾಗ್ಬಿಡತ್ತಾ, ಆಂಟಿ?”

“ಮೂವತ್ತು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ.”

ಹುಡುಗಿ ಬೀಗದಕೈಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲು ತೆರೆದು, ರಸ್ತೆಯ ಕಡೆ ಮುಖಮಾಡಿ ಕೂಗಿದಳು:

“ಅಕ್ಕಾ, ನಿನ್ನೆ ನಿಂಗೆ ಇಲ್ಲ ಅಂದಿದ್ರಲ್ಲ, ಆ ರೂಮು ಖಾಲಿನೇ ಇದೆ. ಇಬ್ಬರಿಗೂ ಮನೆ ಸಿಕ್ತು ಅಂತ ಅಮ್ಮಂಗೆ ಫೋನ್ ಮಾಡು!”