ಅಮ್ಮನಿಗೆ ದೊಡ್ಡ ಸ್ಕ್ರೀನೇ ಯಾಕೆ ಬೇಕಿತ್ತು?

ದಾಕ್ಷಾಯಿಣಿಗೆ ಅವತ್ತು ತಲೆ ಕೆಟ್ಟು ಹೋಗಿತ್ತು...

ಬ್ಯಾಂಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಅಮ್ಮನನ್ನು ಕರೆದುಕೊಂಡು ದಾವಣಗೆರೆಯ ಒಂದು ಲ್ಯಾಪ್‌ಟಾಪ್ ಅಂಗಡಿಗೆ ಬಂದಿದ್ದಳು. ಬೇಗ ಮುಗಿಯಬೇಕಾದ ಕೆಲಸ... ಊಟದ ಹೊತ್ತಾದರೂ ಮುಗಿಯುವ ಲಕ್ಷಣ ಕಾಣಲಿಲ್ಲ.

ಅಮ್ಮ ವಿಶಾಲಾಕ್ಷಿ ನಿವೃತ್ತ ಗಣಿತ ಟೀಚರ್. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದ ಹುಡುಗಿಯರಿಗೆ ದಿನಾ ಸಂಜೆ ಮೊಬೈಲ್‌ನಲ್ಲೇ ವಿಡಿಯೋ ಕಾಲ್ ಮಾಡಿ ಪುಕ್ಕಟೆ ಪಾಠ ಹೇಳುತ್ತಿದ್ದರು.

"ಮೊಬೈಲ್‌ನಲ್ಲಿ ಯಾಕೋ ಆಗ್ತಿಲ್ಲ ದಾಕ್ಷಿ, ಒಂದು ಲ್ಯಾಪ್‌ಟಾಪ್ ಕೊಡ್ಸು" ಅಂದಿದ್ದರು.

ದಾಕ್ಷಾಯಿಣಿ ಯೂಟ್ಯೂಬ್ ನೋಡಿ ಎಲ್ಲ ತಿಳಿದುಕೊಂಡೇ ಬಂದಿದ್ದಳು. ಹದಿನಾಲ್ಕು ಇಂಚಿನದು... ಹಗುರ, ತೊಡೆಯ ಮೇಲೂ ಇಟ್ಟುಕೊಳ್ಳಬಹುದು, ಚೀಲದಲ್ಲೂ ಹಿಡಿಸುತ್ತೆ. ಮನೆ ಬಳಕೆಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಅಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಹೋಗಿ ನಿಂತಿದ್ದು ಹದಿನೇಳು ಇಂಚಿನ ದೊಡ್ಡ ಲ್ಯಾಪ್‌ಟಾಪ್ ಮುಂದೆ...

"ಇದೇ ಇರ್ಲಿ."

"ಅಮ್ಮಾ, ಅದನ್ನ ಎತ್ತಿ ಇಡೋಕೇ ನಿನ್ನ ಕೈಲಿ ಆಗಲ್ಲ. ನಿನ್ನ ಟೇಬಲ್ ಪೂರ್ತಿ ಅದೇ ತುಂಬಿಕೊಳ್ಳುತ್ತೆ. ಆಮೇಲೆ ಪುಸ್ತಕ ಎಲ್ಲಿ ಇಡ್ತೀಯ?"

"ಏನಂದೆ?"

ದಾಕ್ಷಾಯಿಣಿ ಹಲ್ಲು ಕಚ್ಚಿದಳು. ಈಚೆಗೆ ಮನೆಯಲ್ಲೂ ಇದೇ ಗೋಳು... ಅಡುಗೆಮನೆಯಿಂದ ಏನಾದರೂ ಹೇಳಿದರೆ "ಏನಂದೆ?" ರೂಮಿನಿಂದ ಕೂಗಿದರೆ "ಏನಂದೆ?"

ಅಂಗಡಿಯ ಹುಡುಗಿ ಫರ್ಹಾನಾ ನೆಗಡಿಯಾಗಿದೆ ಅಂತ ಮಾಸ್ಕ್ ಹಾಕಿಕೊಂಡಿದ್ದಳು. ಮೆತ್ತಗೆ ಕೇಳಿದಳು, "ಮೇಡಂ, ಹೊರಗೆಲ್ಲ ತಗೊಂಡು ಹೋಗ್ತೀರಾ, ಮನೇಲೇ ಇಟ್ಕೊಂಡು ಬಳಸ್ತೀರಾ?"

ಅಮ್ಮ ನಗುತ್ತಾ, "ಹೌದಮ್ಮ, ಗಣಿತ" ಅಂದರು.

ಫರ್ಹಾನಾ ಗಲಿಬಿಲಿಯಿಂದ ಮಗಳ ಮುಖ ನೋಡಿದಳು. ದಾಕ್ಷಾಯಿಣಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು...

"ಅವರು ಕೇಳಿದ್ದೇನು, ನೀನು ಹೇಳ್ತಿರೋದೇನು? ಸ್ವಲ್ಪ ಗಮನ ಕೊಟ್ಟು ಕೇಳಿಸ್ಕೋ ಅಮ್ಮಾ. ಎಷ್ಟು ಸಲ ಹೇಳೋದು?"

ಅಮ್ಮ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ಆಮೇಲೆ ಫರ್ಹಾನಾ ಕಡೆ ತಿರುಗಿ, "ಎರಡರಲ್ಲೂ ಒಂದೊಂದು ಸಲ ವಿಡಿಯೋ ಕಾಲ್ ಹಾಕಿ ತೋರ್ಸಿ. ನೀನು ಹೊರಗೆ ಹೋಗಿ ಮಾತಾಡು ದಾಕ್ಷಿ. ಆಮೇಲೆ ನೀನು ಹೇಳಿದ್ದನ್ನೇ ತಗೊಳ್ಳೋಣ" ಅಂದರು.

ಬೇರೆ ದಾರಿಯಿರಲಿಲ್ಲ. ದಾಕ್ಷಾಯಿಣಿ ಮೊಬೈಲ್ ಹಿಡಿದುಕೊಂಡು ಹೊರಗೆ ಬಂದು ಫುಟ್‌ಪಾತ್ ಮೇಲೆ ನಿಂತಳು.

ಮೊದಲು ಚಿಕ್ಕ ಲ್ಯಾಪ್‌ಟಾಪ್‌ಗೆ ಕಾಲ್ ಹೋಯಿತು.

"ಅಮ್ಮಾ, ಇಲ್ಲಿ ತುಂಬಾ ಬಿಸಿಲು, ಬೇಗ ನೋಡು" ಅಂದಳು.

ಅಮ್ಮ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಹೂಂ... ಬಿಳಿ ಬಣ್ಣ ಚೆನ್ನಾಗಿದೆ" ಅಂದರು.

ದಾಕ್ಷಾಯಿಣಿ ಹಣೆ ಚಚ್ಚಿಕೊಂಡಳು.

ಆಮೇಲೆ ದೊಡ್ಡ ಲ್ಯಾಪ್‌ಟಾಪ್‌ಗೆ ಕಾಲ್ ಹಾಕಿದರು. ಅಷ್ಟರಲ್ಲಿ ಅವಳ ತಾಳ್ಮೆ ಪೂರ್ತಿ ಮುಗಿದಿತ್ತು.

"ನನಗೆ ಸಾಕಾಯ್ತಮ್ಮ. ಮನೆಗೆ ಹೋಗೋಣ ಬಾ."

ಈ ಸಲ ಅಮ್ಮ ಬಗ್ಗಲಿಲ್ಲ. ನೆಟ್ಟಗೆ ಕೂತು, ಮಗಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು...

"ನಿನಗೆ ಸಾಕಾಗಿದೆ ಅಂತ ಗೊತ್ತು ಪುಟ್ಟಿ. ಇನ್ನೈದು ನಿಮಿಷ ಇರು, ಹೋಗೋಣ."

ದಾಕ್ಷಾಯಿಣಿ ಸಿಟ್ಟಿನಲ್ಲೇ ಒಳಗೆ ಬಂದಳು. ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ತೋರಿಸಬೇಕಿತ್ತು ಅವಳಿಗೆ. ಕಾಲ್ ಕಟ್ ಮಾಡಲು ದೊಡ್ಡ ಲ್ಯಾಪ್‌ಟಾಪ್ ಕಡೆ ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು...

ಸ್ಕ್ರೀನಿನ ಮೂಲೆಯಲ್ಲಿದ್ದ ಸ್ಪೀಕರ್ ಗುರುತಿನ ಮೇಲೆ ಗೀಟು ಬಿದ್ದಿತ್ತು.

"ಇದರಲ್ಲಿ ಸೌಂಡ್ ಇರಲಿಲ್ವಾ?" ಅಂತ ಕೇಳಿದಳು.

"ಸಾರಿ ಮೇಡಂ, ಗಲಾಟೆ ಆಗುತ್ತೆ ಅಂತ ಶೋ ಪೀಸ್‌ಗಳಿಗೆಲ್ಲ ಮ್ಯೂಟ್ ಮಾಡಿಟ್ಟಿರ್ತೀವಿ. ತೆಗೆಯೋದು ಮರೆತೇ ಹೋಯ್ತು" ಅಂದಳು ಫರ್ಹಾನಾ.

ದಾಕ್ಷಾಯಿಣಿ ನಿಧಾನಕ್ಕೆ ಅಮ್ಮನ ಕಡೆ ತಿರುಗಿದಳು. ಅವಳ ಒಂದು ಮಾತೂ ಅಂಗಡಿಯೊಳಗೆ ಕೇಳಿಸಿರಲಿಲ್ಲ... ಆದರೂ ದೊಡ್ಡ ಸ್ಕ್ರೀನಿನಲ್ಲಿ ಅಮ್ಮ ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಸೌಂಡ್ ಇಲ್ಲ ಅನ್ನುವುದು ಅಮ್ಮನಿಗೆ ಗೊತ್ತೇ ಆಗಿರಲಿಲ್ಲ.

"ಅಮ್ಮಾ... ನಿನಗೆ ಕಿವಿ ಕೇಳ್ತಿಲ್ವಾ?"

ವಿಶಾಲಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಪೂರ್ತಿ ಕೇಳಲ್ಲ ಅಂತಲ್ಲ... ಸದ್ದು ಗೊತ್ತಾಗುತ್ತೆ, ಮಾತು ಗೊತ್ತಾಗಲ್ಲ. ತುಟಿ ಕಂಡ್ರೆ ಹೇಗೋ ಆಗುತ್ತೆ. ಮೊಬೈಲ್‌ನಲ್ಲಿ ಮಕ್ಕಳ ಮುಖ ಚಿಕ್ಕದಾಗಿ ಕಾಣುತ್ತೆ. ಅವರು ಒಂದು ಕೇಳಿದ್ರೆ ನಾನು ಇನ್ನೊಂದು ಹೇಳ್ತೀನಿ. ಮೊನ್ನೆ ಒಬ್ಬಳು ಪಾಪ, ಟೀಚರ್‌ಗೆ ನನ್ನ ಮೇಲೆ ಬೇಜಾರಾಗಿದೆ ಅಂದುಕೊಂಡು ಅತ್ತಿದ್ದಳಂತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಾಠ ನಿಲ್ಲಿಸು ಅಂತಿದ್ದೆ. ಫೇಲಾದ ಮಕ್ಕಳು ದಾಕ್ಷಿ... ಅವರಿಗೆ ಇನ್ನು ಯಾರು ಹೇಳಿಕೊಡ್ತಾರೆ?"

ಅಮ್ಮ ಮತ್ತೆ ಹೇಳಿದರು...

"ನೀನು ಎದುರಿಗೆ ಕೂತು ಮಾತಾಡಿದ್ರೆ ನನಗೆ ಎಲ್ಲಾ ಗೊತ್ತಾಗುತ್ತೆ. ನಿನಗೂ ಕೆಲಸ, ಪುರಸೊತ್ತಿರಲ್ಲ. ಆ ಕಡೆ ಮುಖ ಮಾಡಿಕೊಂಡೇ ಹೇಳಿ ಹೋಗಿಬಿಡ್ತೀಯ."

"ಗಮನ ಕೊಟ್ಟು ಕೇಳಿಸ್ಕೋ" ಅಂತ ದಾಕ್ಷಾಯಿಣಿ ಈಗ ತಾನೇ ರೇಗಿದ್ದಳು... ಅಮ್ಮನಷ್ಟು ಗಮನ ಕೊಟ್ಟು ಅವಳ ಮುಖವನ್ನು ಯಾರು ನೋಡಿದ್ದರು?

ಅಂಗಡಿಯಲ್ಲಿ ಜನ ಇದ್ದಾರೆ ಅನ್ನುವುದನ್ನೂ ಮರೆತು ಅಮ್ಮನ ಕೈಗೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು.

ಅಮ್ಮನಿಗೆ ಆ ಅಳು ಕೇಳಿಸಿತೋ ಇಲ್ಲವೋ... ಅಂಗೈ ಒದ್ದೆಯಾಗಿದ್ದು ಮಾತ್ರ ಗೊತ್ತಾಯಿತು.

ದೊಡ್ಡ ಲ್ಯಾಪ್‌ಟಾಪೇ ಮನೆಗೆ ಬಂತು. ಟೇಬಲ್ ಸಾಲಲಿಲ್ಲ, ಅದನ್ನೂ ಬದಲಾಯಿಸಿದರು. ಅದೇ ವಾರ ದಾಕ್ಷಾಯಿಣಿ ಮತ್ತೆ ರಜೆ ಹಾಕಿ ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಶ್ರವಣ ಸಾಧನ ಹಾಕಿದರು.

ಈಗ ಅಮ್ಮನಿಗೆ ಬಹಳಷ್ಟು ಮಾತು ಕೇಳಿಸುತ್ತದೆ. ಆದರೂ ದಾಕ್ಷಾಯಿಣಿ ಏನಾದರೂ ಹೇಳಬೇಕಾದರೆ ಕೈಯಲ್ಲಿರುವ ಕೆಲಸ ಬಿಟ್ಟು ಬಂದು, ಅಮ್ಮನ ಎದುರು ಕೂತೇ ಹೇಳುತ್ತಾಳೆ...

*

ಹಠ ಅಂತ ನಾವು ರೇಗುವ ಎಷ್ಟೋ ಮಾತುಗಳ ಹಿಂದೆ, ಹೇಳಿಕೊಳ್ಳಲಾಗದ ಒಂದು ಕಷ್ಟ ಇರುತ್ತದೆ.

ಇವತ್ತು ನೀವು ಮನೆಯಲ್ಲಿ ಯಾರ ಮೇಲೆ ರೇಗಿದಿರಿ... ಅವರ ಎದುರು ಕೂತು "ಯಾಕೆ?" ಅಂತ ಒಮ್ಮೆಯಾದರೂ ಕೇಳಿದಿರಾ?