ಹೊಂಗೆ ಮರದ ಅರವಟ್ಟಿಗೆ

ಚೈತ್ರದ ಬಿಸಿಲು, ಹೊತ್ತು ನೆತ್ತಿಗೆ ಬಂದಿತ್ತು. ನಮ್ಮವ್ವನ ಕಾಲದಿಂದಲೂ ಗುಡ್ಡದ ಹಾದಿಯ ಹೊಂಗೆ ಮರದಡಿ ದಾರಿಹೋಕರಿಗೆಂದು ಇಡುವ ಮಜ್ಜಿಗೆಯ ಗಡಿಗೆಯನ್ನು ಆ ವರ್ಷ ಅಂದೇ ಇಟ್ಟಿದ್ದೆ. ಇನ್ನೂ ಯಾರೂ ಮುಟ್ಟಿರಲಿಲ್ಲ.

ನೂರು ಮೈಲಿಯ ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದ ನನ್ನ ಮೊಮ್ಮಗಳು ಕಲ್ಲು, ಮರಳು, ಹಳ್ಳ ದಾಟಿ ಬಂದಳು. ಬಾಟಲಿ ಖಾಲಿಯಾಗಿತ್ತು, ತುಟಿ ಒಡೆದಿತ್ತು. ಮುಂದೆ ಕಡಿದಾದ ಏರು.

"ತಾತ, ಒಂದು ಲೋಟ."

ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದ ಪಂದ್ಯದ ಸಾಹೇಬರು ಅಡ್ಡ ಬಂದರು. "ಮನೆಯವ್ರು ಕೊಟ್ಟಿದ್ದು ಕುಡಿದ್ರೆ ಪಂದ್ಯದಿಂದ ಔಟು!"

"ಇದು ಎಲ್ಲರಿಗೂ ಇಟ್ಟಿರೋ ಅರವಟ್ಟಿಗೆ, ಸ್ವಾಮಿ."

"ಹೆಂಗ್ ನಂಬೋದು ಯಜಮಾನ್ರೇ? ಮೊದ್ಲು ಬೇರೆ ಯಾರಾದ್ರೂ ಕುಡೀಲಿ, ಆಮೇಲೆ ಇವಳು."

ಬೇರೆಯವರು ಎಂದರೆ ಹಿಂದೆ ಬರುತ್ತಿದ್ದ ಎದುರಾಳಿಯೇ. ತಿರುವಿನಲ್ಲಿ ಅವಳ ಚಕ್ರಕ್ಕೆ ಜಲ್ಲಿ ಸಿಡಿಯುವ ಸದ್ದು ಕೇಳಿತು. ಮೊಮ್ಮಗಳ ಕಣ್ಣು ತುಂಬಿತು.

"ಆಗ್ಲಿ ಬಿಡಿ," ಎಂದು ಲೋಟ ತುಂಬಿ ಸಾಹೇಬರ ಮುಂದೆ ಹಿಡಿದೆ. "ನೀವೂ ಬೆವೆತು ಹೋಗಿದ್ದೀರಿ, ತಗೊಳ್ಳಿ."

ಅವರು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಖಾಲಿ ಲೋಟವನ್ನೇ ನೋಡುತ್ತಾ ನಿಂತುಬಿಟ್ಟರು.

ಆ ಭಾನುವಾರ ಹೊಂಗೆ ಮರದಡಿಯಿಂದ ಮೊದಲು ಹೊರಟವಳು ನನ್ನ ಮೊಮ್ಮಗಳು.