ಬಿರುಗಾಳಿಯ ಮೊಣಕಾಲು

"ಮಾಲತೇಶಣ್ಣಾ, ನಮ್ಮ ಬಿರುಗಾಳಿಗೆ ಮಣಕಾಲ ನೋವು ಐತೇನು?"

ಹುಲಗೇಶ ಕೇಳಿದ್ದು ಮೆಲ್ಲಗೇ. ಆದರೆ ಅವನ ಕೈಯಲ್ಲಿ ಬಂಕಾಪುರದ ಔಷಧಿ ಅಂಗಡಿಯ ಚೀಟಿ ಇತ್ತು, ಹಿಂದೆ ಹೋರಿಯ ಅಭಿಮಾನಿ ಬಳಗದ ಏಳೆಂಟು ಹುಡುಗರು ನಿಂತಿದ್ದರು. ಹೋರಿಯ ಮೈ ತಿಕ್ಕುತ್ತಿದ್ದ ಮಾಲತೇಶನ ಕೈ ಅಲ್ಲೇ ನಿಂತಿತು. ಬಿರುಗಾಳಿಗೆ ಅದು ಸರಿಬರಲಿಲ್ಲ, ಮೂತಿಯಿಂದ ಅವನ ಹೆಗಲು ತಳ್ಳಿತು.

ಬಿರುಗಾಳಿ ಅಂದರೆ ಅಂಥಿಂಥ ಹೋರಿಯಲ್ಲ. ದೀಪಾವಳಿ ಮುಗಿದ ಮೇಲೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಎಲ್ಲಿ ಹೋರಿ ಬೆದರಿಸುವ ಹಬ್ಬವಾದರೂ ಕೊರಳ ತುಂಬ ಕೊಬ್ಬರಿ ಸರ ಹಾಕಿಕೊಂಡು ಅಖಾಡಕ್ಕಿಳಿಯುತ್ತಿತ್ತು. ಓಡುವಾಗ ಆ ಸರ ಹರಿಯಲು ಬಂದವರ ಕೈಗೆ ಒಂದು ಚೂರು ಕೊಬ್ಬರಿಯನ್ನೂ ಬಿಟ್ಟುಕೊಟ್ಟದ್ದಿಲ್ಲ. ಅದರ ಮೇವು ಮಾಲತೇಶನದು, ಔಷಧಿ ಬಳಗದ್ದು ಅಂತ ಮಾತಾಗಿತ್ತು. ದನದ ಡಾಕ್ಟರು ಬರೆದುಕೊಡುವ ಟಾನಿಕ್ಕಿನ ಬೆಲೆ ಕೇಳಿದರೆ ಕುಡಿಯುವ ಮನಸ್ಸು ನಮಗೂ ಆಗಬೇಕು, ಹಾಗಿರುತ್ತಿತ್ತು. ಹುಡುಗರು ಚೀಟಿ ನೋಡುತ್ತಿದ್ದರು, ದುಡ್ಡು ಕೊಡುತ್ತಿದ್ದರು, ಒಂದು ಮಾತು ಕೇಳುತ್ತಿರಲಿಲ್ಲ.

ಆ ಧೈರ್ಯದ ಮೇಲೆಯೇ ಮಾಲತೇಶ ಎರಡು ತಿಂಗಳಿಂದ ತಾಯಿ ಮುದಕವ್ವನ ಮೊಣಕಾಲಿನ ಗುಳಿಗೆಯನ್ನೂ ಹೋರಿಯ ಚೀಟಿಗೇ ಸೇರಿಸುತ್ತಿದ್ದ. ಅವನ ಸ್ವಂತ ದುಡ್ಡೆಲ್ಲ ಬಾದಾಮಿಯಾಗಿ ಹೋರಿಯ ಹೊಟ್ಟೆಗೆ ಹೋಗುತ್ತಿತ್ತಲ್ಲ. "ಇದು ಮನಷ್ಯಾರ ಗುಳಿಗಿ ಅಲ್ಲೇನಪಾ?" ಎಂದು ಅಂಗಡಿಯ ಇಸ್ಮಾಯಿಲಸಾಬ ಕೇಳಿದ್ದೂ ಉಂಟು. "ಬರೀರಿ ಸಾಬ್ರ, ಎರಡೂ ಒಂದ ಮನ್ಯಾಗ ಅದಾವು" ಎಂದಿದ್ದ ಇವನು.

"ಗುಳಿಗಿ ಹೆಸರು ಮೊಬೈಲನ್ಯಾಗ ಹಾಕಿ ನೋಡಿದ್ನಿ" ಎಂದ ಹುಲಗೇಶ. "ಮಣಕಾಲ ನೋವಿಗಂತ ಬಂತು. ಖರೇ ಹೇಳಣ್ಣಾ. ಹಾನಗಲ್ ಹಬ್ಬಕ್ಕ ಇನ್ನ ಹನ್ನೆರಡ ದಿನ ಉಳದಾವು."

ಖರೇ ಹೇಳುವುದು ಸುಲಭವಿತ್ತು. ಗುಳಿಗೆ ನಮ್ಮವ್ವಂದು, ಹೋರಿಗೇನೂ ಆಗಿಲ್ಲ, ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವ್ವನ ಗುಳಿಗೆಗೆ ಗತಿಯಿಲ್ಲದವನು ಹೋರಿ ಕಟ್ಟಿದ್ದಾನೆ ಅಂತ ಸವಣೂರಿನ ಸಂತೆಯವರೆಗೂ ಆಡಿಕೊಂಡು ನಗುತ್ತಾರೆ.

"ಹೂನಪಾ, ಸ್ವಲ್ಪ ಐತಿ" ಎಂದುಬಿಟ್ಟ ಮಾಲತೇಶ.

ಹುಡುಗರ ಮುಖ ಬಾಡಿತು. ಚಂದ್ರಪ್ಪನೆಂಬವನಂತೂ ಕೂತು ಹೋರಿಯ ಕಾಲು ನೀವಿ ಕಣ್ಣೊರೆಸಿಕೊಂಡ. "ಇಷ್ಟ ದೊಡ್ಡ ಜೀವಕ್ಕ ದಿನಕ್ಕೆರಡ ಗುಳಿಗಿ ಎದಕ್ಕ ಸಾಲ್ತಾವಣ್ಣಾ? ಬಂದ್ ಮಾಡ್ರಿ ಅವನ್ನ" ಎಂದ. ಅಲ್ಲಿಗೆ ಗುಳಿಗೆ ನಿಂತವು. ಮರುದಿನವೇ ಹಾವೇರಿಯಿಂದ ದೊಡ್ಡ ಡಾಕ್ಟರು ಬಂದರು. ಹೋರಿಯ ಕಾಲು ಮಡಚಿ ನೋಡಿದರು, ನಡೆಸಿ ನೋಡಿದರು, "ನನಗೇನೂ ಕಾಣವಲ್ದು" ಎಂದರು. ಸುತ್ತ ನಿಂತವರ ಮುಖ ಕಂಡು, ಬರಿಗೈಲಿ ಹೋದರೆ ಚೆನ್ನಾಗಿರುವುದಿಲ್ಲ ಅನ್ನಿಸಿರಬೇಕು, ದಿನ ಬಿಟ್ಟು ದಿನ ಐದು ಸೂಜಿ ಬರೆದರು. ಒಂದು ಸೂಜಿಯ ಬೆಲೆಗೆ ಮುದಕವ್ವನಿಗೆ ಆರು ತಿಂಗಳ ಗುಳಿಗೆ ಬರುತ್ತಿದ್ದವು. ಹುಡುಗರು ಹೂಂ ಅಂದರು, ದುಡ್ಡು ತೆಗೆದರು.

ಮೊದಲ ಸೂಜಿ ತೊಡೆಗೆ ಬಿದ್ದದ್ದೇ ತಡ, ಅಲ್ಲಿಯವರೆಗೆ ಗುಂಡುಕಲ್ಲಿನ ಹಾಗಿದ್ದ ಬಿರುಗಾಳಿ ಆ ನೋವಿಗೆ ಎರಡು ದಿನ ಕುಂಟಿತು. "ನೋಡ್ರಲೇ, ಎಷ್ಟ ನೋವಿತ್ತೋ ಏನೋ, ಪಾಪ, ಇಷ್ಟ ದಿನ ತೋರಿಸಿಕೊಂಡಿಲ್ಲ" ಎಂದು ಹುಡುಗರು ಮರುಗಿದರು. ಅತ್ತ ಮುದಕವ್ವ ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿಯತೊಡಗಿದಳು.

"ಅವ್ವಾ, ಹಬ್ಬ ಮುಗಿಯೂತನಕ ತಡಕೋ. ಆಮ್ಯಾಲ ನಾನ ತರತೇನಿ" ಎಂದ ಮಾಲತೇಶ, ಅವಳ ಮುಖ ನೋಡದೆ.

"ತಡಕೋತೇನಿ ಬಿಡು" ಎಂದಳು ಅವಳು. "ನಾ ಏನ ಅಖಾಡದಾಗ ಓಡೂದೈತಿ?"

ಆ ಮಾತು ಮಾಲತೇಶನಿಗೆ ಚುರುಕ್ಕೆಂದಿತು. ಚುರುಕ್ಕೆಂದರೂ ಹೋರಿಗೆ ಬಾದಾಮಿ ನೆನೆಹಾಕಲು ಎದ್ದು ಹೋದ.

ಐದನೆಯ ಸೂಜಿಯ ಮರುದಿನ ಬಳಗದವರೆಲ್ಲ ಮತ್ತೆ ಬಂದರು. ಹೋರಿಯನ್ನು ಹಾನಗಲ್ಲಿಗೆ ಒಯ್ಯಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನವಾಗಬೇಕಿತ್ತು. ಹಗಲೆಲ್ಲ ಹೋರಿಯ ಪಕ್ಕದ ಕಟ್ಟೆಯ ಮೇಲೆ ಕೂತಿರುವವಳು ಮುದಕವ್ವ. ಹುಲಗೇಶ ಅವಳನ್ನೇ ಕೇಳಿದ.

"ಆಯೀ, ಹ್ಯಾಂಗ ಐತಿ ಈಗ? ಸೂಜಿ ಏನರ ಗುಣ ಕೊಟ್ಟಾವೇನು?"

"ಏನೂ ಇಲ್ಲಪಾ" ಎಂದಳು ಮುದಕವ್ವ. "ಸೂಜಿ ಸುರು ಆದಾಗಿಂದ ನೋವು ಹೆಚ್ಚ ಆಗೇತಿ. ಕುಂತರ ಏಳಾಕ ಆಗವಲ್ದು, ಎದ್ದರ ಕುಂದ್ರಾಕ ಆಗವಲ್ದು. ಮುಂಜಾನಿ ಅಂತೂ ಕಾಲು ಕಟ್ಟಿಗಿ ಆಗಿರತಾವು."

ಹುಡುಗರೆಲ್ಲ ತಿರುಗಿ ಹೋರಿಯನ್ನು ನೋಡಿದರು. ಅದು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಮಾಲತೇಶ ನೆಲ ನೋಡಿದ.

"ಮತ್ತ ಈಗೇನ ಮಾಡೂನು ಆಯೀ?" ಹುಲಗೇಶನ ದನಿ ಅಳುವಂತಾಗಿತ್ತು.

ಮುದಕವ್ವ ತನ್ನ ಮೊಣಕಾಲನ್ನು ಮೆಲ್ಲಗೆ ನೀವಿಕೊಂಡಳು.

"ಮೊದಲಿನ ಗುಳಿಗೀನ ಚಲೋ ಇದ್ದುವು ನೋಡಪಾ. ಉಂಡಮ್ಯಾಲ ಒಂದು, ಮಲಗೂಮುಂದ ಒಂದು. ಅವನ್ನ ತಂದ ನನ್ನ ಕೈಯಾಗ ಕೊಡ್ರಿ. ನಿಮ್ಮ ಹೋರಿ ನಾಳಿಗೇ ಓಡತೈತಿ."